ಮಗಳಿಗಿ ಪಿಸಿಒಡಿ (ಅಂಡಾಶಯದ ಹಾರ್ಮೋನ್ ತ್ರಾಸು) ಅಂದಾರ, ಗುಳಿಗಿ ಬಿಡಿಸಿ ನಿಸರ್ಗ ಚಿಕಿತ್ಸಾಕ್ಕ ಕಳಿಸಬೇಕೋ ಬ್ಯಾಡೋ?

ಬನಹಟ್ಟಿ ಮಗ್ಗದ ಮನಿ

ಎಲ್ಲಾರಿಗೂ ಶರಣ್ರಿ. ಬನಹಟ್ಟಿಯಿಂದ ಬರ್ಯಾಕತ್ತೀನಿ, ನಮ್ದು ನೇಕಾರರ ಮನಿ. ಮಗಳಿಗಿ 19 ನಡದೈತಿ, ಬೆಳಗಾವ್ಯಾಗ ಹಾಸ್ಟೆಲ್‌ದಾಗ ಇದ್ಕೊಂಡು ಬಿಎಸ್ಸಿ ಓದಾಕತ್ತಾಳ. 13ಕ್ಕ ದೊಡ್ಡಾಕಿ ಆದ್ಲು. ಮೊದಲ ಎರಡು ವರ್ಷ ಮುಟ್ಟು ಹಿಂದ ಮುಂದ ಆಗ್ತಿತ್ತು, ತಾನ ಸರಿ ಹೋಗ್ತೈತಿ ಅಂತ ಬಿಟ್ವಿ. ಈಗ ನೋಡಿದ್ರ ಮೂರು ತಿಂಗಳಿಗೊಮ್ಮಿ ಹೊರಗಾಗ್ತಾಳ, ಹೋದ ಸಲ ನಾಕು ತಿಂಗಳ ದಾಟಿತ್ತು. ಗದ್ದದ ಕೆಳಗ ಕೂದಲ ಬರಾಕತ್ತಾವು. ಒಂದ ವರ್ಷದಾಗ 9 ಕೆ.ಜಿ. ಏರ್ಯಾಳ.

ಒಂದ ಮಾತು ಹೇಳಬೇಕ್ರಿ, ಹೇಳಾಕ ಹೊಟ್ಟ್ಯಾಗ ಕಿವುಚಿದಂಗ ಆಗ್ತೈತಿ. ದೀಪಾವಳಿಗೆ ಬಂದಾಗ ಎಣ್ಣಿ ಹಚ್ಚಿ ಎರಿಯಾಕ ಕುಂದ್ರಿಸಿದ್ದೆ. ಕುತ್ತಿಗಿ ಹಿಂದ ಕರ್ರಗ ಪಟ್ಟಿ ಕಟ್ಟಿತ್ತು. ಹಾಸ್ಟೆಲ್‌ದಾಗ ನೆಟ್ಟಗ ಜಳಕಾ ಮಾಡಂಗಿಲ್ಲ ಅಂತ ಬೈದು, ಮೈ ತಿಕ್ಕೋ ಕಲ್ಲು ತೊಗೊಂಡು ತಿಕ್ಕಿಬಿಟ್ಟೆ. "ಅವ್ವಾ ಉರಿತೈತಿ" ಅಂದ್ರೂ ಬಿಡಲಿಲ್ಲ. ತೊಗಲು ಕೆಂಪಗಾಗಿ ನೀರಾಡಿತು, ಕಪ್ಪು ಮಾತ್ರ ಹೋಗಲಿಲ್ಲ. ಆಮ್ಯಾಲ ಡಾಕ್ಟರ್ ನೋಡಿ, ಅದು ಹೊಲಸಲ್ಲ, ಒಳಗಿನ ತ್ರಾಸು ಹೊರಗ ಕಾಣಾಕತ್ತೈತಿ ಅಂದ್ರು.

ಸ್ಕ್ಯಾನಿಂಗ್‌ದಾಗ ಅಂಡಾಶಯದ ತುಂಬ ನೀರಗುಳ್ಳಿ ಅದಾವು ಅಂತ ಬಂತು. ಮೂರು ತಿಂಗಳ ಹಾರ್ಮೋನ್ ಗುಳಿಗಿ ಬರದಾರ, ಅದರ ಕೂಡ ಸಕ್ರಿ ರೋಗದ ಗುಳಿಗಿ. ಆಕಿಗಿ ಸಕ್ರಿ ರೋಗ ಇಲ್ಲ, ಮತ್ತ ಆ ಗುಳಿಗಿ ಯಾಕ? ಕೇಳಾಕ ಹೋದ್ರ ಹೊರಗ ಮುವ್ವತ್ತು ಮಂದಿ ಕುಂತಿದ್ರು, ಬಾಯಿ ಬರಲಿಲ್ಲ.

ನಮ್ಮ ಓಣ್ಯಾಗ ಒಬ್ರು ಬಂದು, "ಇಂಗ್ಲಿಷ್ ಗುಳಿಗಿ ಎಲ್ಲಾ ವಿಷ, ಇವತ್ತ ಬಂದ್ ಮಾಡ್ರಿ, 21 ದಿನ ಶಿಬಿರಕ್ಕ ಹಾಕ್ರಿ. ಹಣ್ಣು, ಹಸಿ ಕಾಯಿಪಲ್ಯ, ಎನಿಮಾ, ಹೊಟ್ಟಿ ಮ್ಯಾಲ ಮಣ್ಣು. ಗುಳ್ಳಿ ಕರಗಿ ಹೋಗ್ತಾವು" ಅಂತ ಹೇಳಿ ಹೋದ್ರು. ನಮ್ಮ ಮನಿಯವರು ಆ ಕಡೆ ವಾಲ್ಯಾರ. ನನಗ ತಿಳಿವಲ್ದು. ನಿಮ್ಮ ಮನ್ಯಾಗ ಯಾರರ ಈ ದಾರಿ ತುಳದಿದ್ರ ಹೇಳ್ರಿ.

ಇಲಕಲ್ ಹುಡುಗಿ

ಅಕ್ಕಾರ, ಮೊದಲ ಕುತ್ತಿಗಿ ವಿಷಯ. ನಮ್ಮವ್ವನೂ ಹಂಗ ತಿಕ್ಕಿದ್ಲು, ನಿಂಬಿಹಣ್ಣು, ಕಡ್ಲಿಹಿಟ್ಟು, ಅರಿಷಿಣ ಎಲ್ಲಾ ಹಚ್ಚಿದ್ಲು. ಸಿಟ್ಟಿಲ್ಲ ನನಗ, ಆಕಿಗಿ ಗೊತ್ತಿದ್ದಿಲ್ಲ. ನಿಮ್ಮ ಮಗಳೂ ಸಿಟ್ಟಾಗಿರಂಗಿಲ್ಲ. ಆದ್ರ ಆಕಿಗಿ ಬಾಯಿ ಬಿಟ್ಟು ಒಮ್ಮಿ ಹೇಳ್ರಿ, "ಅದು ಹೊಲಸಲ್ಲವ್ವಾ, ನಂದ ತಪ್ಪಾತು" ಅಂತ. ಕಾಲೇಜಿನ್ಯಾಗ ಹಿಂದಿನ ಬೆಂಚಿನವರು ನನ್ನ ಕುತ್ತಿಗಿ ನೋಡಿ ಕಿಸಕ್ಕಂದಾಗೆಲ್ಲ ನಾನು ದುಪಟ್ಟಾ ಮ್ಯಾಲ ಎಳ್ಕೋತಿದ್ದೆ. ಮನ್ಯಾಗ ಒಬ್ರರ ಅದು ಹೊಲಸಲ್ಲ ಅಂದಿದ್ರ ಅಷ್ಟು ವರ್ಷ ಹಂಗ ಬದುಕತಿದ್ದಿಲ್ಲ.

ನನಗ ಈಗ 24. ಐದು ವರ್ಷ ಆತು ಇದು ಹತ್ತಿ. ಒಂದು ಊರಾಗ ಹೆಸರಿಲ್ಲದ ಡಬ್ಬ್ಯಾಗ ಪುಡಿ ಕೊಡ್ತಿದ್ರು, "ಬರೇ ಬೇರು ನಾರು" ಅಂತ. ನಾಕು ತಿಂಗಳ ತೊಗೊಂಡೆ. ಮೊದಲ ಭಾಳ ಹುರುಪು ಬಂತು, ಮೈಕೈ ನೋವು ಮಾಯ. ಆಮ್ಯಾಲ ಮುಖ ದುಂಡಗ ಊದಿ ಹುಣ್ಣಿಮಿ ಚಂದ್ರನಂಗಾತು, ಬಿಪಿ ಏರಿತು. ದವಾಖಾನ್ಯಾಗ ನೋಡಿ, ಪುಡ್ಯಾಗ ಸ್ಟೀರಾಯ್ಡ್ ಬೆರಸಿರಬೇಕು ಅಂದ್ರು. ಅದನ್ನ ಒಮ್ಮೆಲೆ ಬಿಡಾಕೂ ಬರಂಗಿಲ್ಲಂತ, ನಿಧಾನ ಇಳಿಸಿದ್ರು. ಏನು ತೊಗೊಂಡ್ರೂ ತೊಗೋರಿ, ಡಬ್ಬಿ ಮ್ಯಾಲ ಒಳಗೇನೈತಿ ಅಂತ ಬರದಿರದ ಪುಡಿ ಮಾತ್ರ ಮಗಳ ಬಾಯಾಗ ಹಾಕಬ್ಯಾಡ್ರಿ.

ನಿಸರ್ಗ ವೈದ್ಯೆ, ವಿಜಯಪುರ

ಅಕ್ಕಾರ, ನಾನು ಬಿಎನ್‌ವೈಎಸ್, ಅಂದ್ರ ನಿಸರ್ಗ ಚಿಕಿತ್ಸಾ ಮತ್ತ ಯೋಗದ ಪದವಿ ಓದಿದಾಕಿ. ಐದೂವರಿ ವರ್ಷ ಓದಬೇಕು ಇದನ್ನ. ದೇಹರಚನೆ, ರೋಗಶಾಸ್ತ್ರ ಎಲ್ಲಾ ಓದೇ ಬಂದಿರ್ತೀವಿ. 1989ರಾಗ ಉಜಿರೆಯೊಳಗ ಇದರ ಕಾಲೇಜು ಶುರು ಆತು. ಹತ್ತು ದಿನದ ತರಬೇತಿ ಮುಗಿಸಿ "ನಿಸರ್ಗ ತಜ್ಞ" ಅಂತ ಬೋರ್ಡ್ ಹಾಕ್ಕೊಂಡವರೂ ಅದಾರ, ಅದಕ್ಕ ಎಲ್ಲಿಗೆ ಹೋದ್ರೂ ಪದವಿ, ನೋಂದಣಿ ನಂಬರ್ ಕೇಳ್ರಿ. ಕೇಳಿದ್ರ ಸಿಟ್ಟಾಗೋರ ಹತ್ರ ನಿಲ್ಲಬ್ಯಾಡ್ರಿ.

ನನ್ನ ಶಾಸ್ತ್ರದ ಮ್ಯಾಲ ನನಗ ಜೀವ. ಅದಕ್ಕ ನೆಟ್ಟಗ ಹೇಳ್ತೀನಿ: ಗುಳಿಗಿ ನಾಳೆ ಬಂದ್ ಮಾಡಬ್ಯಾಡ್ರಿ, ಮತ್ತ ಬರೇ ಗುಳಿಗಿ ನುಂಗಿ ಸುಮ್ಮನ ಕುಂದ್ರಲೂ ಬ್ಯಾಡ್ರಿ.

ನೀರಗುಳ್ಳಿ ಅಂದ್ರ ಗಡ್ಡಿ ಅಲ್ಲ. ತಿಂಗಳಾ ಒಂದು ತತ್ತಿ ಬಲಿತು ಹೊರಗ ಬರಬೇಕು. ಬಲಿಯೋದು ಅರ್ಧಕ್ಕ ನಿಂತಾಗ ಆ ಸಣ್ಣ ಸಣ್ಣ ಚೀಲಗಳೇ ಸ್ಕ್ಯಾನಿಂಗ್‌ದಾಗ ಮುತ್ತಿನ ಸರದಂಗ ಕಾಣ್ತಾವು. ಅಂದಮ್ಯಾಲ ಅವನ್ನ ಕರಗಿಸೋ ಮಾತ ಬರಂಗಿಲ್ಲ. ನಿಂತ ಗಾಲಿ ಯಾಕ ನಿಂತೈತಿ ಅಂತ ನೋಡಬೇಕು. 2003ರಾಗ ರಾಟರ್‌ಡ್ಯಾಮ್‌ನ್ಯಾಗ ವೈದ್ಯರೆಲ್ಲ ಕೂಡಿ ಮೂರು ಗುರ್ತು ಇಟ್ರು: ಮುಟ್ಟು ತಪ್ಪೋದು, ಗಂಡಸರ ಹಾರ್ಮೋನ್ ಹೆಚ್ಚಾಗೋದು (ಗದ್ದದ ಕೂದಲ, ಮೊಡವಿ, ಇಲ್ಲಾ ರಕ್ತಪರೀಕ್ಷೆ), ಸ್ಕ್ಯಾನಿಂಗ್‌ದಾಗ ಆ ಚೀಲಗಳು ಕಾಣೋದು. ಮೂರರಾಗ ಎರಡು ಇರಬೇಕು, ಬ್ಯಾರೆ ಕಾರಣ ಇರಬಾರದು. ಆದ್ರ ದೊಡ್ಡಾಕಿ ಆಗಿ ಎಂಟು ವರ್ಷ ತುಂಬದ ಹುಡುಗ್ಯಾರಿಗೆ ಸ್ಕ್ಯಾನಿಂಗ್ ಲೆಕ್ಕಕ್ಕ ಹಿಡಿಬಾರದು. ಆ ವಯಸ್ಸಿನ್ಯಾಗ ಭಾಳ ಹುಡುಗ್ಯಾರ ಅಂಡಾಶಯ ಹಂಗ ಕಾಣ್ತಾವು. ನಿಮ್ಮ ಮಗಳು 13ಕ್ಕ ಆದಾಕಿ, ಈಗ 19, ಆರೇ ವರ್ಷ. ಅಂದ್ರ ಆಕಿಗಿ ಸ್ಕ್ಯಾನಿಂಗ್ ಹಾಳೆಗಿಂತ ನೀವು ಹೇಳಿದ ಗದ್ದದ ಕೂದಲ, ತಪ್ಪಿದ ಮುಟ್ಟೇ ದೊಡ್ಡ ಸಾಕ್ಷಿ. ಟಿಎಸ್‌ಎಚ್ (ಥೈರಾಯ್ಡ್ ನೋಡೋದು), ಪ್ರೊಲ್ಯಾಕ್ಟಿನ್ (ಹಾಲಿನ ಹಾರ್ಮೋನ್), ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್), ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ನೋಡೋ ಸಕ್ರಿ ಪರೀಕ್ಷೆ, ಇವು ಆಗ್ಯಾವೇನು ಕೇಳ್ರಿ. ಥೈರಾಯ್ಡ್ ಕೆಟ್ಟರೂ ಮುಟ್ಟು ಹಿಂಗ ತಪ್ಪತೈತಿ.

ಸಕ್ರಿ ಗುಳಿಗಿ ಯಾಕ ಅಂದ್ರಿ. ಆ ಕುತ್ತಿಗಿ ಕಪ್ಪೇ ಉತ್ತರ. ದೇಹದಾಗ ಇನ್ಸುಲಿನ್ ಇರ್ತೈತಿ, ಜೀವಕೋಶ ಅದರ ಮಾತು ಕೇಳಂಗಿಲ್ಲ. ದೇಹ ಇನ್ನಷ್ಟು ಇನ್ಸುಲಿನ್ ಬಿಡ್ತೈತಿ. ಆ ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕ ಹೋಗಿ ಗಂಡಸರ ಹಾರ್ಮೋನ್ ಹೆಚ್ಚಿಗೆ ಮಾಡಸ್ತೈತಿ, ಕುತ್ತಿಗಿ, ಬಗಲಾಗ ತೊಗಲು ದಪ್ಪ ಮಾಡಿ ಕಪ್ಪ ಮಾಡ್ತೈತಿ. ಆ ಸಕ್ರಿ ಗುಳಿಗಿ, ಅಂದ್ರ ಮೆಟ್‌ಫಾರ್ಮಿನ್, ಆ ಕಿವುಡು ಕಡಿಮಿ ಮಾಡೋ ಗುಳಿಗಿ. ಸಕ್ರಿ ರೋಗ ಬರಬಾರದು ಅಂತ್ಲೇ ಕೊಟ್ಟಿರ್ತಾರ.

ಹಾರ್ಮೋನ್ ಗುಳಿಗಿಗೂ ಕಾರಣ ಐತಿ. 90 ದಿನ ದಾಟಿ ಮುಟ್ಟಾಗದಿದ್ರ ಗರ್ಭಕೋಶದ ಒಳಪದರ ಉದುರದ ದಪ್ಪ ಆಗ್ತಾ ಹೋಗ್ತೈತಿ. ವರ್ಷಗಟ್ಟಲೆ ಹಂಗ ಬಿಟ್ರ ಮುಂದ ಕ್ಯಾನ್ಸರಿನ ಭಯ. ಅದಕ್ಕ ಮುಟ್ಟು ಬರಸ್ತಾರ. ಆದ್ರ ಆ ಗುಳಿಗಿ ಇನ್ಸುಲಿನ್ ಕಿವುಡನ್ನ ವಾಸಿ ಮಾಡಂಗಿಲ್ಲ. ಅಲ್ಲಿಂದ ಮುಂದಿನ ಕೆಲಸ ಊಟ, ನಡಿಗಿ, ನಿದ್ದಿ. ಅಲ್ಲಿ ನಾವು ಬರ್ತೀವಿ. ತೂಕ ಹೆಚ್ಚಿದ್ದವರು ನೂರಕ್ಕ 5ರಿಂದ 10ರಷ್ಟು ಇಳಿಸಿದ್ರ ಸಾಕು, ಭಾಳ ಮಂದಿಗೆ ಮುಟ್ಟು ತಾನ ಹಾದಿಗೆ ಬರ್ತೈತಿ.

ಹುನಗುಂದ ಕಾಕಿ

ಡಾಕ್ಟರ್ ಬಾಯಿ, ನೀವು ಹೇಳೋದು ಸರಿ ಇರಬಹುದು. ನನಗ 67. ನಮ್ಮ ಕಾಲಕ್ಕ ಈ ಪಿಸಿಒಡಿ ಹೆಸರ ಕೇಳಿದ್ದಿಲ್ಲ. ನಸುಕಿನ್ಯಾಗ ಎದ್ದು ಬೀಸತಿದ್ವಿ, ಕುಟ್ಟತಿದ್ವಿ, ಹೊಲಕ್ಕ ಎರಡು ಹರದಾರಿ ನಡೀತಿದ್ವಿ. ಕಟಿಗಿ ರೊಟ್ಟಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ಪುಂಡಿ ಪಲ್ಯ. ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ. ಈಗಿನ ಹುಡುಗ್ಯಾರು ರಾತ್ರಿ ಒಂದರ ತನಕ ಮೊಬೈಲ್, ಮುಂಜಾನೆ ಬಿಸ್ಕಿಟ್ ಚಾ. ರೋಗ ಬರದ ಏನು ಬಂದೀತು? ಗಾಂಧಿ ಮಹಾತ್ಮರೇ ಮಣ್ಣು, ನೀರು ಸಾಕು ಅಂದ್ರು. ಗುಳಿಗಿ ಮೊದಲ ಯಾಕ, ಜೀವನ ಮೊದಲ ಸರಿ ಮಾಡ್ರಿ. ನನ್ನ ಮಾತು ಕೆಲವರಿಗಿ ಬಿರುಸ ಅನಸಬಹುದು, ಆದ್ರ ಕರುಳಿನಿಂದ ಹೇಳಾಕತ್ತೀನಿ.

ಅಥಣಿ ನರ್ಸಬಾಯಿ

ಕಾಕಿ, ನಿಮ್ಮ ಊಟದ ಮಾತು ನೂರಕ್ಕ ನೂರು ಒಪ್ಪತೀನಿ. "ನಮ್ಮ ಕಾಲಕ್ಕ ಇದ್ದಿಲ್ಲ" ಅನ್ನೋದು ಮಾತ್ರ ಒಪ್ಪಾಕ ಬರಂಗಿಲ್ಲ. 1935ರಾಗ ಅಮೆರಿಕದ ಸ್ಟೈನ್, ಲೆವೆಂಥಾಲ್ ಅನ್ನೋ ಇಬ್ರು ವೈದ್ಯರು ಇದನ್ನ ಬರದಿಟ್ರು. ನಮ್ಮ ಕಡೆ ಇದಕ್ಕ ಹೆಸರ ಬ್ಯಾರೆ ಇತ್ತು: ಬಂಜಿ. ನಮ್ಮ ಅತ್ತಿ ಊರಾಗ ಒಬ್ಬಾಕಿ ದೊಡ್ಡವ್ವ ಇದ್ಲು. ಮುಖದ ಮ್ಯಾಲ ಕೂದಲ ಇದ್ದುವಂತ, ವರ್ಷಕ್ಕ ಎರಡೋ ಮೂರೋ ಸಲ ಹೊರಗಾಗ್ತಿದ್ಲಂತ, ಮಕ್ಕಳಾಗಲಿಲ್ಲ. ಗಂಡ ಇನ್ನೊಂದು ಮಾಡ್ಕೊಂಡ. ಆಕಿ ಉಡಿ ತುಂಬೋ ಕಾರ್ಯಕ್ಕ ಹೊಸ್ತಿಲ ದಾಟತಿದ್ದಿಲ್ಲ, ಹಿತ್ತಲದಾಗ ಕುಂತು ಕಾಳ ಹಸನ ಮಾಡತಿದ್ಲು. ಆಕಿನೂ ಬೀಸಿದಾಕಿ, ಕುಟ್ಟಿದಾಕಿ, ಹೊಲಕ್ಕ ನಡದಾಕಿ. ರೋಗಕ್ಕ ಹೆಸರಿದ್ದಿದ್ರ ಆಕಿ ಮ್ಯಾಲಿನ ಆ ಹೆಸರ ಹೋಗತಿತ್ತು.

ಗಾಂಧೀಜಿ ಮಾತು ಬಂತು. 1924ರ ಡಿಸೆಂಬರ್‌ದಾಗ ನಮ್ಮ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕ ಅಧ್ಯಕ್ಷರಾಗಿ ಬಂದಿದ್ರಲ್ಲ, ಅದೇ ವರ್ಷ ಜನವರಿಯೊಳಗ ಪುಣೆಯ ಸಸೂನ್ ದವಾಖಾನ್ಯಾಗ ಅವರಿಗೆ ಅಪೆಂಡಿಸೈಟಿಸ್ ಆಪರೇಶನ್ ಆಗಿತ್ತು. ಮಣ್ಣಿನ ಪಟ್ಟಿ, ಕಟಿಸ್ನಾನ (ಟಬ್ಬಿನ ನೀರಾಗ ಕುಂದ್ರೋದು) ಜೀವಮಾನವಿಡೀ ನಂಬಿದವರು, 1946ರಾಗ ಪುಣೆ ಹತ್ರದ ಉರುಳಿ ಕಾಂಚನದಾಗ ನಿಸರ್ಗೋಪಚಾರ ಶುರು ಮಾಡಿದವರು. ಆದ್ರೂ ಕತ್ತರಿ ಬೇಕಾದಲ್ಲಿ ಕತ್ತರಿಗೆ ಒಪ್ಪಿದ್ರು.

ಹುನಗುಂದ ಕಾಕಿ

ನರ್ಸಬಾಯಿ, ಆ ದೊಡ್ಡವ್ವನ ಮಾತು ಓದಿ ಸುಮ್ಮನ ಕುಂತೆ. ನಮ್ಮ ಓಣ್ಯಾಗೂ ಇದ್ಲು ಅಂಥಾಕಿ ಒಬ್ಬಾಕಿ. ನಾವೂ ಆಕಿನ್ನ ಹಂಗ ಕರೀತಿದ್ವಿ.

ಶಹಾಪುರ ವೈನಿ

ಬೆಳಗಾವಿ ಶಹಾಪುರದಿಂದ. ನನಗ 48. ಪಿಸಿಒಡಿ ಅಲ್ಲ, ಮುಟ್ಟು ನಿಲ್ಲೋ ಹೊತ್ತು. ರಾತ್ರಿ ಮೈಯೆಲ್ಲಾ ಬೆಂಕಿ ಹತ್ತಿದಂಗ ಆಗಿ ಎದ್ದು ಕುಂದರತಿದ್ದೆ, ಬೆವರಿಗೆ ಕುಬಸ ತೊಯ್ದು ಹೋಗತಿತ್ತು. ನಿದ್ದಿ ಇಲ್ಲ, ಸಿಟ್ಟು, ಸುಮ್ಮಸುಮ್ಮನ ಅಳು. ಪರೀಕ್ಷೆ ಎಲ್ಲಾ ಮಾಡಿಸಿ, ಡಾಕ್ಟರಿಗೆ ಕೇಳೇ ಹತ್ತು ದಿನದ ನಿಸರ್ಗ ಚಿಕಿತ್ಸಾ ಶಿಬಿರಕ್ಕ ಹೋದೆ. ಅದನ್ನ ಹೇಳ್ತೀನಿ, ಯಾಕಂದ್ರ ಅಲ್ಲಿ ನನಗೊಂದು ತಿಳೀತು.

ಮುಂಜಾನೆ 5:30ಕ್ಕ ಎದ್ದು ಯೋಗ, ಪ್ರಾಣಾಯಾಮ. ಹೊಟ್ಟಿ, ಕಣ್ಣಿನ ಮ್ಯಾಲ ತಣ್ಣನ ಮಣ್ಣಿನ ಪಟ್ಟಿ. ಕಟಿಸ್ನಾನ. 11ಕ್ಕ ಊಟ: ಬೇಯಿಸಿದ ಕಾಯಿಪಲ್ಯ, ಒಂದು ರೊಟ್ಟಿ, ಮೊಳಕಿ ಕಾಳ, ಮಜ್ಜಿಗಿ. ಸಂಜಿ 6ಕ್ಕ ಮತ್ತ ಊಟ. 9ಕ್ಕ ದೀಪ ಆರಿಸ್ತಿದ್ರು. ಮೂರನೇ ರಾತ್ರಿ ನಾನು ನಡುವ ಏಳದ ಆರು ತಾಸು ಮಲಗಿದೆ. ಎದ್ದು ಗಡಿಯಾರ ನೋಡಿ ಅತ್ತೆ. ಎರಡು ವರ್ಷದಾಗ ಅಷ್ಟು ಮಲಗಿದ್ದಿಲ್ಲ.

ಮನಿಗೆ ಬಂದೆ. ಒಂದೂವರಿ ತಿಂಗಳಾಗ ಎಲ್ಲಾ ಮೊದಲಿನಂಗ. ಮಣ್ಣಿನ ಪಟ್ಟಿ ಮನ್ಯಾಗೂ ಹಾಕ್ಕೊಂಡೆ, ಟಬ್ಬೂ ತಂದೆ, ಆದ್ರೂ ನಿದ್ದಿ ಬರಲಿಲ್ಲ. ಆಗ ಕುಂತು ವಿಚಾರ ಮಾಡಿದೆ. ಶಿಬಿರದಾಗ ಏನಿತ್ತು, ಮನ್ಯಾಗ ಏನಿಲ್ಲ? ಶಿಬಿರದಾಗ ನನಗ ಯಾರೋ ಬಡಿಸಿದ್ರು. ಬಿಸಿ ಊಟ, ಹೊತ್ತಿಗೆ ಸರಿಯಾಗಿ, ಕುಂತು ಉಂಡೆ. ಮದುವಿ ಆಗಿ 26 ವರ್ಷದಾಗ ಹತ್ತು ದಿನ ಸತತ ಹಂಗ ಉಂಡಿದ್ದು ಅದ ಮೊದಲು. ಮನ್ಯಾಗ ನನ್ನ ಊಟ ಎಲ್ಲಾರದೂ ಆದಮ್ಯಾಲ, ರಾತ್ರಿ 10:30ಕ್ಕ, ಉಳದ ಅನ್ನ ಸಾರು. ಪಲ್ಯ ಮುಗದಿರ್ತಿತ್ತು. ಮುಸುರಿ ತೊಳದು ಮಲಗೋದರಾಗ 12. ಹೊಟ್ಟಿ ತುಂಬ ಅನ್ನ ಉಂಡು ಕೂಡಲೇ ಮಲಗಿದ್ರ ಯಾವ ಮಣ್ಣು ಏನು ಮಾಡೀತು?

ಮನಿಯವರಿಗಿ, ಮಗನಿಗಿ ಕುಂದ್ರಿಸಿ ಹೇಳಿದೆ. ಈಗ ರಾತ್ರಿ 8ಕ್ಕ ಎಲ್ಲಾರೂ ಒಂದ ಪಂಕ್ತಿ. ರೊಟ್ಟಿ ಹಗಲ ಬಡದಿಟ್ಟಿರ್ತೀನಿ. ಮುಸುರಿ ಮಗಂದು. ಮೊದಲ ವಾರ ಮಾರಿ ಊದಿಸ್ಕೊಂಡಿದ್ದ, ಈಗ ರೂಢಿ ಆಗೈತಿ. ಬಿಸಿ ಏರೋದು ಪೂರ್ತಿ ನಿಂತಿಲ್ಲ, ಅರ್ಧ ಕಡಿಮಿ ಆಗೈತಿ. ನಿದ್ದಿ ಬಂದೈತಿ.

ಬನಹಟ್ಟಿ ತಂಗಿ, ಮಗಳ ವಿಷಯ ಬರದೀರಿ. ನೀವು ಎಷ್ಟೊತ್ತಿಗೆ ಉಣ್ತೀರಿ?

ಬನಹಟ್ಟಿ ಮಗ್ಗದ ಮನಿ

ವೈನಿ, ಆ ಪ್ರಶ್ನೆ ಓದಿ ಫೋನ್ ಕೆಳಗಿಟ್ಟೆ. ಲೂಮ್ ಬಂದಾಗೋದು ರಾತ್ರಿ ಒಂಬತ್ತೂವರಿಗೆ. ಆಮ್ಯಾಲ ನೂಲಿನ ಕಂಡಿಕಿ ಸುತ್ತೋದು. 11ರ ಮುಂದ. ಏನು ಉಂಡೆ ಅಂತ ನೆಪ್ಪೂ ಇರಂಗಿಲ್ಲ.

ಸಿಂದಗಿ ಮಾಸ್ತರ

ಹೆಣ್ಣಮಕ್ಕಳ ಮಾತಿನ್ಯಾಗ ನಾನು ಬರೀಬೇಕೋ ಬ್ಯಾಡೋ ಅಂತ ಎರಡು ದಿನ ಓದಿ ಸುಮ್ಮನಿದ್ದೆ. ಹೇಳಲಿಲ್ಲಂದ್ರ ತಪ್ಪಾಗ್ತದ.

ನಮ್ಮ ಮನಿಯಾಕಿಗಿ ಥೈರಾಯ್ಡ್ ಕಡಿಮಿ ಅದ, ಏಳು ವರ್ಷದಿಂದ ದಿನಾ ಒಂದು ಗುಳಿಗಿ. ಒಂದು ಕಡೆ "ನಿಸರ್ಗ"ದವರು ಅಂತ ಹೇಳ್ಕೊಂಡವರು ಕೊತ್ತಂಬರಿ ನೀರು, ಉಪವಾಸದಾಗ ಗುಳಿಗಿ ಬಿಡಸ್ತೀವಿ ಅಂದ್ರು. ನಾನೇ ಕರ್ಕೊಂಡು ಹೋದೆ, ನಾನೇ ಗುಳಿಗಿ ಡಬ್ಬಿ ಕಸದ ಬುಟ್ಟಿಗೆ ಹಾಕಿದೆ. ಮೊದಲ ಮೂರು ವಾರ ಏನೂ ಆಗಲಿಲ್ಲ, ಗೆದ್ವಿ ಅಂದ್ಕೊಂಡ್ವಿ. ಎರಡು ತಿಂಗಳಿಗೆ ಆಕಿ ಧ್ವನಿ ಗೊಗ್ಗರಾತು. ಬ್ಯಾಸಗ್ಯಾಗ, ಸಿಂದಗಿ ಬ್ಯಾಸಗ್ಯಾಗ್ರಿ, ಚಾದರ ಹೊದ್ದು ಮಲಗತಿದ್ಲು. ಮೂರು ತಿಂಗಳಿಗೆ ಮುಖ, ಕಾಲು ಬಾತು, ಮಾತಾಡಿದ್ರ ಕೇಳಿದ್ದಕ್ಕ ಉತ್ತರ ಕೊಡೋಕ ಹೊತ್ತು ತೊಗೋತಿದ್ಲು. ವಿಜಯಪುರಕ್ಕ ಒಯ್ದಾಗ ಟಿಎಸ್‌ಎಚ್ 100ರ ಮ್ಯಾಲ ಇತ್ತು. ಇನ್ನಷ್ಟು ದಿನ ಬಿಟ್ಟಿದ್ರ ಪ್ರಜ್ಞಾ ತಪ್ಪತಿದ್ಲು ಅಂದ್ರು.

ಆಕಿ ಗುಣ ಆಗ್ಯಾಳ. ಒಂದ ಮಾತು ನನ್ನ ಬೈಲಿಲ್ಲ. ಆ ಗುಳಿಗಿ ಈಗ ದಿನಾ ಮುಂಜಾನೆ ನಾನೇ ನೀರು ತಂದು ಕೊಡ್ತೀನಿ.

ನಿಸರ್ಗ ವೈದ್ಯೆ, ವಿಜಯಪುರ

ಮಾಸ್ತರ, ಬರದದ್ದು ಭಾಳ ಉಪಕಾರ ಆತ್ರಿ. ಥೈರಾಯ್ಡ್ ಗುಳಿಗಿ ಅಂದ್ರ ಹೊರಗಿನ ಔಷಧ ಅಲ್ಲ, ಗ್ರಂಥಿ ಮಾಡಬೇಕಾದ ಹಾರ್ಮೋನನ್ನೇ ಹೊರಗಿಂದ ಕೊಡೋದು. ಗ್ರಂಥಿ ಸೋತಿದ್ರ ಕೊತ್ತಂಬರಿ ನೀರು ಅದನ್ನ ಹುಟ್ಟಿಸಂಗಿಲ್ಲ. ದೇಹದಾಗಿದ್ದ ಹಾರ್ಮೋನ್ ನಿಧಾನ ಇಳೀತೈತಿ, ಅದಕ್ಕ ಮೊದಲ ವಾರಗಳು ಚಲೋ ಇದ್ದಂಗ ಕಾಣ್ತಾವು. ಬರೇ ಹೊಟ್ಟ್ಯಾಗ ನೀರಿನ ಕೂಡ ತೊಗೊಂಡು ಅರ್ಧದಿಂದ ಒಂದು ತಾಸು ಏನೂ ತಿನ್ನಬಾರದು, ಚಾನೂ ಸೇರಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿ ನಾಕು ತಾಸು ದೂರ ಇಡ್ರಿ. ಕೂದಲ, ಉಗುರಿಗೆ ಅಂತ ಬಯೋಟಿನ್ ಗುಳಿಗಿ ತಿನ್ನೋರು ಪರೀಕ್ಷೆಗೆ ಮೊದಲ ಡಾಕ್ಟರಿಗೆ ಹೇಳ್ರಿ, ರಿಪೋರ್ಟ್ ತಪ್ಪು ಬರ್ತೈತಿ. ಅಶ್ವಗಂಧವನ್ನ ಎಲ್ಲಾರೂ ಟಾನಿಕ್‌ನಂಗ ನುಂಗತಾರ, ಅದು ಥೈರಾಯ್ಡ್ ಹಾರ್ಮೋನ್ ಏರಿಸ್ತೈತಿ. ಬಸರಿದ್ದಾಗಂತೂ ಬ್ಯಾಡ. "ನಿಸರ್ಗದ್ದು, ಏನೂ ಆಗಂಗಿಲ್ಲ" ಅನ್ನೋದು ನಮ್ಮ ಶಾಸ್ತ್ರಕ್ಕೇ ಅವಮಾನ. ಕೆಲಸ ಮಾಡೋ ಶಕ್ತಿ ಇದ್ದದ್ದಕ್ಕ ಕೆಡಿಸೋ ಶಕ್ತಿನೂ ಇರ್ತೈತಿ.

ಈಗ ಕಟಿಸ್ನಾನದ ಬಗ್ಗೆ ಮೂರು ಮಂದಿ ಖಾಸಗಿಯಾಗಿ ಕೇಳ್ಯಾರ. ಜರ್ಮನಿಯ ಲೂಯಿ ಕೂನೆ ಅನ್ನೋರು ಇದನ್ನ ಹೆಸರುವಾಸಿ ಮಾಡಿದ್ರು, ಗಾಂಧೀಜಿ ಅದನ್ನ ನಮ್ಮ ದೇಶದ ಮನಿ ಮನಿಗೆ ಮುಟ್ಟಿಸಿದ್ರು. ಟಬ್ಬಿನ್ಯಾಗ ಹೊಕ್ಕಳದ ಮಟಾ ನೀರು, ಕಾಲು ಹೊರಗ, ಒದ್ದಿ ಅರಿವಿಲೆ ಹೊಟ್ಟಿ ಮೆಲ್ಲಕ ಉಜ್ಜೋದು, 10ರಿಂದ 15 ನಿಮಿಷ. ಊಟ ಆಗಿ ಮೂರು ತಾಸಾಗಿರಬೇಕು. ವಿಜಯಪುರದ ಬ್ಯಾಸಗ್ಯಾಗ ಟಾಕಿ ನೀರು ಕುದೀತಿರ್ತಾವು, ಅದಕ್ಕ ಮಡಿಕಿ ನೀರು ಬೆರಸ್ರಿ. ಮುಟ್ಟಿನ್ಯಾಗ, ಬಸರಿದ್ದಾಗ ಮಾಡಬ್ಯಾಡ್ರಿ. ಮುಟ್ಟಿನ ನೋವಿಗೆ ಬಿಸಿನೀರಿನ ಚೀಲ ಕಿಬ್ಬೊಟ್ಟಿ ಮ್ಯಾಲ ಇಟ್ರ ಖರೇನ ಆರಾಮ ಸಿಗ್ತೈತಿ. ಮೈ ಹಗುರಾಗಾಕ, ನಿದ್ದಿಗೆ ಕಟಿಸ್ನಾನ ಚಲೋ. ಅದರಿಂದ ಅಂಡಾಶಯದ ಗುಳ್ಳಿ ಹೋಗ್ತಾವು ಅಂತ ನಾನು ಯಾರಿಗೂ ಹೇಳಂಗಿಲ್ಲ, ಯಾಕಂದ್ರ ಹಂಗ ಸಿದ್ಧ ಆಗಿಲ್ಲ.

ಯೋಗದ ಮಾತು ಬ್ಯಾರೆ. ಆಂಧ್ರದಾಗ ಈ ತ್ರಾಸು ಇದ್ದ 15ರಿಂದ 18 ವರ್ಷದ 90 ಹುಡುಗ್ಯಾರನ್ನ ಎರಡು ಗುಂಪು ಮಾಡಿ, 12 ವಾರ ದಿನಾ ಒಂದು ತಾಸು ಒಂದು ಗುಂಪಿಗೆ ಯೋಗ, ಇನ್ನೊಂದಕ್ಕ ಸಾದಾ ವ್ಯಾಯಾಮ ಮಾಡಿಸಿ ನೋಡ್ಯಾರ. ಯೋಗದ ಗುಂಪಿನ್ಯಾಗ ಟೆಸ್ಟೋಸ್ಟಿರಾನ್ ಹೆಚ್ಚು ಇಳೀತು, ಮುಟ್ಟೂ ಸುಧಾರಿಸಿತು. 2013ರಾಗ ಪ್ರಕಟ ಆತು. ಎರಡೂ ಗುಂಪಿನವರ ತೂಕದಾಗ ದೊಡ್ಡ ಫರಕ ಇದ್ದಿಲ್ಲ ಅನ್ನೋದು ನನಗ ಮುಖ್ಯ. ತೂಕ ಇಳೀಲಿಲ್ಲ ಅಂತ ಹುಡುಗ್ಯಾರು ಚಾಪಿ ಸುತ್ತಿ ಮೂಲ್ಯಾಗ ಇಡ್ತಾರ, ಇಡಬಾರದು.

ಇನ್ನ 21 ದಿನ ಹಸಿ ತರಕಾರಿ. 19ರ ಹುಡುಗಿಗೆ ಬ್ಯಾಡ. ಉಪವಾಸ ಹೆಚ್ಚಾದ್ರ ಮೆದುಳೇ ಮುಟ್ಟಿನ ಹಾರ್ಮೋನ್ ನಿಲ್ಲಿಸಿಬಿಡ್ತೈತಿ. ಸಕ್ರಿ ಇಳಿಸೋ ಗುಳಿಗಿ ತೊಗೊಳ್ಳೋರು ಕೇಳದ ಉಪವಾಸ ಕುಂತ್ರ ಕೆಲವರು ಕಣ್ಣು ಕತ್ತಲಿ ಬಂದು ಬೀಳಬಹುದು.

ಅಥಣಿ ನರ್ಸಬಾಯಿ

ಒಂದು ವಿಷಯ ಯಾರೂ ಎತ್ತಲಿಲ್ಲ: ರಕ್ತ. ಹಾರ್ಮೋನ್ ಹಾರ್ಮೋನ್ ಅಂತ ಬರ್ತಾರ, ಹಿಮೋಗ್ಲೋಬಿನ್ ನೋಡಿದ್ರ 8 ಇರ್ತೈತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೊಳಗ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣಮಕ್ಕಳಾಗ ಶೇ. 47.8 ಮಂದಿಗೆ ರಕ್ತ ಕಡಿಮಿ. ಬಸರಿ ಅಲ್ಲದಾಕಿಗಿ 12 ಇರಬೇಕು. ದಣಿವು, ಕೂದಲ ಉದುರೋದು, ಎದಿ ಢವಢವ, ಎಲ್ಲಾ ಅದರಿಂದನೂ ಬರ್ತೈತಿ. ಕಬ್ಬಿಣದ ಗುಳಿಗಿ ಆರೋಗ್ಯ ಕೇಂದ್ರದಾಗ ಪುಕ್ಕಟ ಸಿಗ್ತಾವು. ಚಾದ ಕೂಡ ನುಂಗಿದ್ರ ಮೈಗೆ ಹತ್ತಂಗಿಲ್ಲ, ಲಿಂಬಿ ನೀರಿನ ಕೂಡ ಹತ್ತತೈತಿ. ಮಹಾಲಿಂಗಪುರದ ಬೆಲ್ಲ ಎಷ್ಟ ಚಲೋ ಇದ್ರೂ ಅದು ಸಕ್ರಿನ. ರಕ್ತ ಆಗಲಿ ಅಂತ ಪಿಸಿಒಡಿ ಹುಡುಗಿಗೆ ದಿನಾ ಹೆಂಟಿ ಬೆಲ್ಲ ಕೊಡೋರನ್ನ ನೋಡೀನಿ. ಹಕ್ಕರಕಿ, ರಾಜಗಿರಿ, ಮಡಿಕಿ ಕಾಳ, ಅಳವಿ, ಮಾಂಸ ತಿನ್ನೋರು ಮಾಂಸ ತಿನ್ನಲಿ.

ಇನ್ನೊಂದು, ಇದನ್ನ ಹೇಳದಿದ್ರ ನಿದ್ದಿ ಬರಂಗಿಲ್ಲ. ಹೆಚ್ಚು ರಕ್ತ ಹೋಗ್ತೈತಿ ಅಂತ 32, 35ಕ್ಕ ಗರ್ಭಚೀಲ ತಗಸಿಕೊಂಡು ಬರ್ತಾರ. 2019ರಾಗ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯೋ ಹೆಣ್ಣಮಕ್ಕಳ ಸುದ್ದಿ ದೇಶದ ತುಂಬ ಆತು. ಮುಟ್ಟಾದ್ರ ಕೆಲಸ ತಪ್ಪತೈತಿ, ದಂಡ ಬೀಳ್ತೈತಿ ಅಂತ ಚೀಲನ ತಗಸಿದ್ರು. ಆ ಕಡೆಯ ಗುಂಪುಗಳೇ ಹಂಗಾಮಿನ್ಯಾಗ ನಮ್ಮ ಕೃಷ್ಣಾ ದಂಡಿ ಫ್ಯಾಕ್ಟರಿಗೆ ಕಬ್ಬು ಕಡ್ಯಾಕ ಬರ್ತಾವು. ಗುಡಿಸಲ ಮುಂದ ಕುಂತು ಮಾತಾಡ್ಸಿದ್ರ 30ರ ಹೆಣ್ಣಮಕ್ಕಳು ಮಂಡಿ ಹಿಡ್ಕೊಂಡು ಏಳ್ತಾರ. ಅಂಡಾಶಯನೂ ತಗದಿದ್ರ ಮರುದಿನದಿಂದಲೇ ಮುದುಕಿಯ ಹಾರ್ಮೋನ್, ಎಲಬು ಸವಿಯಾಕ ಹತ್ತತಾವು. ಹೆಚ್ಚು ರಕ್ತಕ್ಕ ಗುಳಿಗಿ ಅದಾವು, ಗರ್ಭಚೀಲದಾಗ ಇಡೋ ಹಾರ್ಮೋನ್ ಸಾಧನ ಐತಿ. ಯಾರರ "ಚೀಲ ತಗಸ್ರಿ" ಅಂದ್ರ ಇನ್ನೊಬ್ಬ ಡಾಕ್ಟರನ್ನ ಕೇಳದ ಸಹಿ ಹಾಕಬ್ಯಾಡ್ರಿ. ಅದರಂಗ, ಮುಟ್ಟು ನಿಂತು ಒಂದು ವರ್ಷ ಆದಮ್ಯಾಲ ಒಂದು ಹನಿ ರಕ್ತ ಕಂಡ್ರೂ ಮಣ್ಣಿನ ಪಟ್ಟಿ ಹಾಕ್ಕೊಂಡು ಕುಂದರಬ್ಯಾಡ್ರಿ, ತೋರಿಸ್ರಿ.

ಇಲಕಲ್ ಹುಡುಗಿ

ಹಾಸ್ಟೆಲ್ ಊಟದ ಬಗ್ಗೆ ನಾನು ಹೇಳ್ತೀನಿ, ಮೂರು ವರ್ಷ ಅನುಭವಿಸೀನಿ. ಮುಂಜಾನೆ ಅವಲಕ್ಕಿ ಇಲ್ಲಾ ಉಪ್ಪಿಟ್ಟು, ಮಧ್ಯಾಹ್ನ ಗುಡ್ಡದಷ್ಟು ಅನ್ನ, ಸಾರಿನ್ಯಾಗ ಬ್ಯಾಳಿ ಹುಡುಕಬೇಕು. ಡಯಟ್ ಚಾರ್ಟ್ ಕೊಟ್ಟವರು ಅಕ್ರೋಟ, ಬೆಣ್ಣಿಹಣ್ಣು ಅಂತ ಬರದಿದ್ರು, ನಮ್ಮಪ್ಪನ ಪಗಾರದಾಗ ಆಗೋ ಮಾತಲ್ಲ. ನಾನು ಮಾಡಿದ್ದು ಇಷ್ಟ: ಮನಿಯಿಂದ ಕಟಿಗಿ ರೊಟ್ಟಿ ಒಯ್ಯತಿದ್ದೆ, ಹದಿನೈದು ದಿನ ಕೆಡಂಗಿಲ್ಲ. ರಾತ್ರಿ ಒಂದು ಮುಷ್ಟಿ ಹೆಸರಕಾಳ ಇಲ್ಲಾ ಮಡಿಕಿ ಕಾಳ ನೆನಸಿಟ್ಟು, ಒದ್ದಿ ಅರಿವ್ಯಾಗ ಮೊಳಕಿ ಕಟ್ಟಿ, ಊಟದಾಗ ಮೊದಲ ಅದನ್ನ, ಆಮ್ಯಾಲ ಪಲ್ಯ, ಕಡೀಕ ಅನ್ನ. ಅನ್ನ ತಾನ ಕಡಿಮಿ ಆತು. ಊಟ ಆದಮ್ಯಾಲ ಹದಿನೈದು ನಿಮಿಷ ಹಾಸ್ಟೆಲ್ ಗಚ್ಚಿ ಮ್ಯಾಲ ತಿರುಗಾಡೋದು. ಚಾದಾಗ ಸಕ್ರಿ ಅರ್ಧ. ಆರು ತಿಂಗಳಿಗೆ 5 ಕೆ.ಜಿ. ಇಳೀತು. ಮುಟ್ಟು 40 ದಿನಕ್ಕ, ಆಮ್ಯಾಲ 34ಕ್ಕ ಬಂತು. ಮೆಟ್‌ಫಾರ್ಮಿನ್ ಇನ್ನೂ ತೊಗೋತೀನಿ. ಗದ್ದದ ಕೂದಲ ಮಾತ್ರ ಪೂರ್ತಿ ಹೋಗಿಲ್ಲ, ಅವು ಭಾಳ ನಿಧಾನಂತ. ಕನ್ನಡಿ ಮುಂದ ನಿಂತು ಅಳೋದು ಬಿಟ್ಟೀನಿ.

ಬನಹಟ್ಟಿ ಮಗ್ಗದ ಮನಿ

(ಎರಡೂವರಿ ತಿಂಗಳ ಮ್ಯಾಲ ಬರ್ಯಾಕತ್ತೀನಿ.) ಎಲ್ಲಾರಿಗೂ ಶರಣ್ರಿ. ಗುಳಿಗಿ ಬಿಡಿಸಲಿಲ್ಲ. ವೈದ್ಯೆ ಬಾಯಿ ಹೇಳಿದ ಪರೀಕ್ಷೆ ಒಂದು ಚೀಟಿ ಮ್ಯಾಲ ಬರಕೊಂಡು ಹೋಗಿ ಡಾಕ್ಟರ್ ಮುಂದಿಟ್ಟೆ. ಹೊರಗ ಎಷ್ಟ ಮಂದಿ ಕುಂತಿದ್ರೂ ಈ ಸಲ ಕೇಳದ ಎದ್ದು ಬರಬಾರದು ಅಂತ ಗಟ್ಟಿ ಮಾಡಿದ್ದೆ. ಅವರು ಸಿಟ್ಟಾಗಲಿಲ್ರಿ, ಕುಂತು ಹೇಳಿದ್ರು. ಥೈರಾಯ್ಡ್ ಸರಿ ಐತಿ. ಗ್ಲೂಕೋಸ್ ಕುಡಿಸಿ ನೋಡಿದ್ದು 152 ಬಂತು, ಸಕ್ರಿ ರೋಗದ ಹೊಸ್ತಿಲದಾಗ ಅಂದ್ರು. ಟೆಸ್ಟೋಸ್ಟಿರಾನ್ ಹೆಚ್ಚೈತಿ.

ಮಗಳು ಮುಂಜಾನೆ ಹಾಸ್ಟೆಲ್ ಗೆಳತ್ಯಾರು ನಾಕು ಮಂದಿ ಕೂಡಿ ಯೋಗ ಮಾಡ್ತಾರ. ಹಾರ್ಮೋನ್ ಗುಳಿಗಿ ಕೋರ್ಸ್ ಮುಗದೈತಿ, ತಾನ ಮುಟ್ಟಾಗ್ತಾಳೋ ಇಲ್ಲೋ ಈಗ ಕಾಯಾಕತ್ತೀವಿ. ತೂಕ 2 ಕೆ.ಜಿ. ಇಳದೈತಿ.

ಸಂಕ್ರಾಂತಿಗೆ ಬಂದಿದ್ಲು. ಎಣ್ಣಿ ಹಚ್ಚಾಕ ಕುಂದ್ರಿಸಿದೆ. ಕುತ್ತಿಗಿಗೆ ಕೈ ಹೋದಕೂಡಲೇ ಹುಡುಗಿ ಹೆಗಲು ಬಿಗಿ ಮಾಡಿದ್ಲು. ನಾನು ಕೊಬ್ಬರಿ ಎಣ್ಣಿ ಬೆರಳಿಗೆ ತೊಗೊಂಡು ಮೆಲ್ಲಕ ಸವರಿ, "ಹೊಲಸಲ್ಲ ಅದು, ನಾನ ತಿಳೀದ ತಿಕ್ಕಿದೆ" ಅಂದೆ. ಆಕಿ ಏನೂ ಅನ್ನಲಿಲ್ಲ. ತಲಿ ಹಿಂದ ತಂದು ನನ್ನ ಮೊಣಕಾಲ ಮ್ಯಾಲ ಇಟ್ಲು.

ನಂದೂ ರಕ್ತ ತೋರಿಸಿದೆ ನರ್ಸಬಾಯಿ, 8.9. ಗುಳಿಗಿ ಶುರು ಮಾಡೀನಿ, ಲಿಂಬಿ ನೀರಿನ ಕೂಡ. ಮನಿಯವರು ಕಂಡಿಕಿ ಸುತ್ತೋದು ಅವರ ಪಾಲಿಗೆ ತೊಗೊಂಡಾರ, ಹಂಗಾಗಿ ಎಂಟೂವರಿಗೆ ಉಣ್ಣಾಕತ್ತೀನಿ, ಅವರ ಕೂಡನ. ಲೂಮ್ ಒಂದು ತಾಸು ಮೊದಲ ಬಂದ್ ಆಗ್ತೈತಿ, ವಾರಕ್ಕ ಒಂದೆರಡು ಸೀರಿ ಕಡಿಮಿ ಬೀಳ್ತಾವು. ಇರಲಿ ಅಂದಾರ.

ಒಂದು ಕೇಳೋದೈತಿ. ಮಗಳಿಗಿ ಅಗಸಿ ಹಿಂಡಿ ಕುಟ್ಟಿ ಕಳಿಸೀನಿ, ವಾರದಾಗ ಮುಗ್ಗ ವಾಸನಿ ಬಂತಂತ. ಏನ ತಪ್ಪಾತು?

ಹುನಗುಂದ ಕಾಕಿ

ತಂಗಿ, ಅಗಸಿ ಎಣ್ಣಿಕಾಳ, ಪುಡಿ ಮಾಡಿದ ಮ್ಯಾಲ ಗಾಳಿ ಹತ್ತಿದ್ರ ಕಮಟತೈತಿ. ಸಣ್ಣ ಉರಿ ಮ್ಯಾಲ ಚಟಚಟ ಅನ್ನೋತನಕ ಹುರದು, ಪೂರ್ತಿ ಆರಿದ ಮ್ಯಾಲ ಕುಟ್ಟು. ಬಿಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಬೆವರತೈತಿ. ಬೆಳ್ಳೊಳ್ಳಿ ಹಸೀದ ಹಾಕಬ್ಯಾಡ, ಅದನ್ನೂ ಹುರಕೋ. ಹತ್ತು ದಿನಕ್ಕ ಆಗೋವಷ್ಟ ಮಾಡು. ಉಳದ ಕಾಳ ಹುರದು ಇಡೀದ ಕಳಸು, ಆಕಿನ ಅಲ್ಲಿ ಆಗಿಂದಾಗ ಕುಟ್ಟಕೊಳ್ಳಲಿ. ಸಣ್ಣ ಕಲ್ಲು ಒಂದು ನನ್ನ ಹತ್ರ ಐತಿ. ಮುಂದಿನ ವಾರ ಮೊಮ್ಮಗ ಬೆಳಗಾವಿಗೆ ಹೊಂಟಾನ, ಕೊಟ್ಟು ಕಳಿಸ್ತೀನಿ. ಹಾಸ್ಟೆಲ್ ಯಾವ ಓಣ್ಯಾಗ ಐತಿ ಅಂತ ನನಗ ಖಾಸಗಿಯಾಗಿ ಬರಿ.